ಮೆನುವಿನಿಂದ ಜಾರಿದ ಪುಟ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪುಕ್ಕಲಕ್ಕ ಎನ್ನುತ್ತಿದ್ದರು. ಹಗ್ಗ ಕಂಡರೂ ಹಾವು ಅನ್ನುವ ಜೀವ. ಲಿಫ್ಟು ಕೊಂಚ ತಡವರಿಸಿದರೆ ಸಾಕು, ಮುಂದಿನ ಮಹಡಿಯಲ್ಲೇ ಇಳಿದು ಮೆಟ್ಟಿಲು ಹತ್ತುತ್ತಿದ್ದಳು. ದೊಡ್ಡಾಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವುದು ಅವಳ ಕೆಲಸ. ಹೆದರಿದವರಿಗೆ ನಿಂತು ಓದುವ ತಾಳ್ಮೆ ಇರುವುದಿಲ್ಲ ಎಂಬುದು ಅವಳಿಗೆ ತನ್ನಿಂದಲೇ ಗೊತ್ತಿತ್ತು. ಅದಕ್ಕೇ ಮೆನುವಿನಲ್ಲಿ ‘ನೇತ್ರ ಚಿಕಿತ್ಸಾ ವಿಭಾಗ’ ಅಂತಿದ್ದದ್ದನ್ನು ಅಳಿಸಿ ‘ಕಣ್ಣು’ ಎಂದು ಬರೆದಿದ್ದಳು. ನಡುಗುವ ಹೆಬ್ಬೆರಳಿಗೂ ಸಿಗುವಂತೆ ಒಂದೊಂದು ಸಾಲನ್ನೂ ಅಗಲ ಮಾಡಿದ್ದಳು.

ಬರಬರುತ್ತ ಪುಟಗಳು ಹೆಚ್ಚಿದವು, ಜಗಳವೂ ಹೆಚ್ಚಿತು. ಪ್ರತಿ ವಿಭಾಗದವರಿಗೂ ತಮ್ಮ ಪುಟವೇ ಮೇಲಿರಬೇಕು. ಇದೇ ವಿಷಯಕ್ಕೆ ಮೂಳೆ ಡಾಕ್ಟರು ಚರ್ಮದ ಡಾಕ್ಟರ ಜತೆ ಮಾತು ಬಿಟ್ಟಿದ್ದರು. ಬೇಸತ್ತ ಮ್ಯಾನೇಜರು, ಮೆನು ಕಟ್ಟುವ ಕೆಲಸವನ್ನು ಪ್ರೋಗ್ರಾಮಿಗೇ ಬಿಡೋಣ ಎಂದರು. ಜನ ಹೆಚ್ಚು ನೋಡುವ ಪುಟ ಮೇಲೆ, ಕಡಿಮೆ ನೋಡುವುದು ಕೆಳಗೆ. ವಾರಕ್ಕೊಮ್ಮೆ ಅದೇ ಲೆಕ್ಕ ನೋಡಿ ಮೆನು ಬದಲಾಯಿಸಲಿ. ಅವಳಿಗೆ ಒಳಗೊಳಗೇ ಅಳುಕಿತ್ತು. ಆದರೂ ಪ್ರೋಗ್ರಾಮು ಬರೆದುಕೊಟ್ಟಳು. ಅದು ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು, ಡಾಕ್ಟರುಗಳೂ ರಾಜಿಯಾದರು.

ಒಂದು ಮಧ್ಯಾಹ್ನ ಬಸ್ಸಿನಲ್ಲಿದ್ದಾಗ ಗಂಡನ ಫೋನ್ ಬಂತು. ಅತ್ತೆ ಮಂಡಿನೋವಿನ ಮಾತ್ರೆ ಅಂದುಕೊಂಡು ಮಾವನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದರು. ನೋವು ಇಳಿಯಲಿಲ್ಲವೆಂದು ಮತ್ತೂ ನುಂಗಿದ್ದರು. ಈಗ ಮೈಯೆಲ್ಲ ಬೆವೆತು, ಮಾತು ತೊದಲುತ್ತಿತ್ತು. ಆಂಬುಲೆನ್ಸಿಗೆ ಹೇಳಿದ್ದಾಗಿತ್ತು, ಅದು ಬರುವತನಕ ಏನು ಮಾಡಬೇಕೋ ಅವನಿಗೆ ತಿಳಿಯದು.

“ನಿಮ್ಮ ಸೈಟಲ್ಲಿ ವಿಷದ ಸಹಾಯವಾಣಿ ನಂಬರ್ ಇದೆ ಅಂತಿದ್ದೆಯಲ್ಲ, ಎಲ್ಲಿದೆ?”

“ಮೊದಲ ಸಾಲಲ್ಲೇ ಇದೆ ನೋಡ್ರೀ.”

“ಇಲ್ಲ ಕಣೇ. ಪಾರ್ಕಿಂಗ್ ಇದೆ, ಕ್ಯಾಂಟೀನ್ ಇದೆ. ಅದಿಲ್ಲ.”

ಅವಳು ತನ್ನ ಫೋನಿನಲ್ಲೇ ಸೈಟು ತೆರೆದಳು. ನಿಜ, ಮೊದಲ ಸಾಲಿನಲ್ಲಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಏನಾಗಿದೆಯೆಂದು ಆಗ ಹೊಳೆಯಿತು. ಸದ್ಯ, ಊರಲ್ಲಿ ವಿಷ ಕುಡಿಯುವವರು ಕಡಿಮೆ; ಆ ಪುಟ ನೋಡುವವರೂ ಕಡಿಮೆ. ಪ್ರೋಗ್ರಾಮು ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿ, ಅದನ್ನು ವಾರವಾರವೂ ಕೆಳಗೆ ತಳ್ಳಿತ್ತು. ಬೆರಳು ಜಾರಿ ಕ್ಯಾಂಟೀನಿನ ಪುಟ ತೆರೆಯಿತು. ಹಿಂದಕ್ಕೆ ಬಂದಳು, ಮತ್ತೆ ಅದೇ ತೆರೆಯಿತು. ಕಿವಿಯಲ್ಲಿ ಗಂಡ “ಅಮ್ಮಾ, ಕಣ್ಣು ಬಿಡಮ್ಮಾ” ಎನ್ನುವುದು ಕೇಳುತ್ತಿತ್ತು. ಕನ್ನಡದ ಅಕ್ಷರಗಳೇ ಗುರುತು ಸಿಗದಂತಾದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಮೊಣಕೈ ಹಿಡಿದುಕೊಂಡಳು.

‘ಇತರೆ’ಯೊಳಗೆ, ಹಳೆಯ ಟೆಂಡರುಗಳ ಕೆಳಗೆ, ಕೊನೆಗೂ ಆ ಪುಟ ಸಿಕ್ಕಿತು. ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ಗಂಡ ಫೋನ್ ಇಟ್ಟ. ಅವನು ಮತ್ತೆ ಮಾಡುವತನಕ ಅವಳ ಜೀವ ಅವಳ ಕೈಯಲ್ಲಿರಲಿಲ್ಲ.

ಸಹಾಯವಾಣಿಯ ನರ್ಸು, ಎಚ್ಚರವಿದ್ದು ನುಂಗುವ ಹಾಗಿದ್ದರೆ ಮೊದಲು ಸಕ್ಕರೆ ನೀರು ಕುಡಿಸಿ ಎಂದಿದ್ದರಂತೆ. ಅತ್ತೆ ಕುಡಿದರು. ಆಂಬುಲೆನ್ಸ್ ಬಂತು. ಮರುದಿನ ದೊಡ್ಡಾಸ್ಪತ್ರೆಯ ಹಾಸಿಗೆಯಲ್ಲೇ ಎದ್ದು ಕೂತು, ಇಲ್ಲಿನ ದಿಂಬು ಕಲ್ಲಿನ ಹಾಗಿದೆ ಎಂದು ಗೊಣಗಿದರು. ಗೊಣಗಾಟ ಕೇಳಿ ಮನೆಯವರಿಗೆಲ್ಲ ಹೋದ ಉಸಿರು ಬಂತು.

ಅವಳಿಗೆ ಮಾತ್ರ ಬರಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ಹೊಸ ಭಯ ಹತ್ತಿತು. ಅತ್ತೆಗೇನೋ ಆ ಸೈಟು ಮಾಡಿದ ಸೊಸೆಯೇ ಇದ್ದಳು. ಇಷ್ಟು ತಿಂಗಳಲ್ಲಿ ಇನ್ಯಾರೋ, ವಿಷ ನುಂಗಿದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಇದೇ ಮೆನುವಿನಲ್ಲಿ ಹುಡುಕಿ ಹುಡುಕಿ ಸೋತಿದ್ದರೆ? ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ನಡೆದದ್ದು ಕೇಳಿ ಅವರ ಮುಖವೂ ಕಪ್ಪಿಟ್ಟಿತು. ಪ್ರೋಗ್ರಾಮನ್ನೇ ತೆಗೆದುಬಿಡೋಣವಾ ಎಂದು ಕೇಳಿದರು.

“ಬೇಡ ಸರ್. ಬಹಳ ಜನಕ್ಕೆ ಬೇಕಾದ್ದು ಬೇರೆ, ಒಬ್ಬರಿಗೇ ಆದ್ರೂ ಥಟ್ಟಂತ ಸಿಗಬೇಕಾದ್ದು ಬೇರೆ. ಅದನ್ನ ನಾವು ಪ್ರೋಗ್ರಾಮಿಗೆ ಹೇಳೇ ಇಲ್ಲ.”

ಅಂದೇ ಕೂತು ಹೇಳಿಕೊಟ್ಟಳು. ತುರ್ತು ಚಿಕಿತ್ಸೆ, ವಿಷ, ಹೆರಿಗೆ, ರಕ್ತ: ಈ ಪುಟಗಳನ್ನು ಪ್ರೋಗ್ರಾಮು ಅಲುಗಿಸುವ ಹಾಗಿಲ್ಲ. ಇವುಗಳಲ್ಲಿ ಒಂದು ಮೇಲಿಲ್ಲದಿದ್ದರೂ ಹೊಸ ಮೆನು ಜನರಿಗೆ ಕಾಣದು, ಹಳೆಯದೇ ಉಳಿದು ಅವಳ ಫೋನು ಹೊಡೆದುಕೊಳ್ಳುತ್ತದೆ. ಆಮೇಲೆ, ಮನೆಗೆ ಮರಳಿದ ಅತ್ತೆಯನ್ನೇ ಕೂರಿಸಿ ಪರೀಕ್ಷೆ ಮಾಡಿಸಿದಳು. ಪಕ್ಕದಲ್ಲಿ ನಿಂತು “ಬೇಗ, ಬೇಗ” ಎಂದು ಗದರಿಸುವ ಕೆಲಸ ಮಾವನಿಗೆ. ನಲವತ್ತು ವರ್ಷದಿಂದ ಅದನ್ನೇ ಮಾಡ್ತಾ ಬಂದಿದ್ದಾರೆ, ಹೊಸದಾಗಿ ಕಲಿಸೋದೇನು ಬೇಡ ಎಂದರು ಅತ್ತೆ, ಪುಟ ತೆರೆಯುತ್ತಲೇ.

ಪ್ರೋಗ್ರಾಮು ಈಗಲೂ ವಾರಕ್ಕೊಮ್ಮೆ ಮೆನು ಕಟ್ಟುತ್ತದೆ, ಒಮ್ಮೆಯೂ ತಪ್ಪಿಲ್ಲ. ಆದರೂ ಮೆನು ಬದಲಾಗುವ ದಿನ ಬೆಳಿಗ್ಗೆ ಅವಳು ತಿಂಡಿ ಮುಟ್ಟುವುದಿಲ್ಲ. ಮೊದಲು ಫೋನು ತೆರೆದು, ಆ ನಾಲ್ಕು ಪುಟಗಳು ಮೇಲಿವೆಯೇ ಎಂದು ನೋಡುತ್ತಾಳೆ.