ದೋಣಿಯವನನ್ನು ಮಾರಿದ ಅಳಿಯ

ಆಫೀಸಿನಲ್ಲಿ ಅವನನ್ನು ಎಲ್ಲರೂ 'ಕತ್ತರಿ' ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅವನು ಕೇಳಲು ಹೋಗಿರಲಿಲ್ಲ. ವಯಸ್ಸು ಐವತ್ತೊಂದು, ಹೊಟ್ಟೆ ವಯಸ್ಸಿಗಿಂತ ನಾಲ್ಕು ಹೆಜ್ಜೆ ಮುಂದೆ. ಕುರ್ಚಿ ಇದ್ದದ್ದು ಒಂದು ಕಂಬಕ್ಕೂ ಕುಡಿಯುವ ನೀರಿನ ಯಂತ್ರಕ್ಕೂ ನಡುವೆ. ಎದ್ದು ಬರಬೇಕಾದರೆ ಉಸಿರು ಬಿಗಿಹಿಡಿದು, ಏಡಿಯ ಹಾಗೆ ಪಕ್ಕಕ್ಕೆ ಸರಿಯಬೇಕು. ಆದ್ದರಿಂದ ಅವನು ಏಳುವುದೇ ಕಡಿಮೆ.

ಮೊದಲು ಇಪ್ಪತ್ತು ವರ್ಷ ಬಿಸ್ಕತ್ತಿನ ಕಾರ್ಖಾನೆಯಲ್ಲಿದ್ದ. ಪೊಟ್ಟಣದಲ್ಲಿ ಹದಿನಾರಿದ್ದ ಬಿಸ್ಕತ್ತನ್ನು ಹದಿನಾಲ್ಕಕ್ಕಿಳಿಸಿ, ಪೊಟ್ಟಣವನ್ನು ಒಂದಿಷ್ಟು ದೊಡ್ಡದು ಮಾಡಿ, ಮೇಲೆ 'ಹೊಸ ರೂಪ' ಎಂದು ಅಚ್ಚು ಹಾಕಿಸಿದ ಪುಣ್ಯಾತ್ಮ ಅವನೇ. ಆ ಕೀರ್ತಿ ಬಾಯಿಂದ ಬಾಯಿಗೆ ಹೋಗಿ, ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದು ಕರೆದು ಕೆಲಸ ಕೊಟ್ಟಿತು.

"ನನಗೆ ಆಟ ಆಡೋಕೇ ಬರಲ್ಲ ಮೇಡಂ" ಎಂದು ಅವನು ಮೊದಲೇ ಹೇಳಿದ್ದ.

"ಬಿಸ್ಕತ್ತು ಸುಡೋಕೆ ಬರ್ತಿತ್ತಾ?" ಎಂದರು ಮ್ಯಾನೇಜರಮ್ಮ.

ಕೆಲಸ ಇಷ್ಟೇ. ಲಕ್ಷಾಂತರ ಜನ ತಂತಮ್ಮ ಮನೆಯಲ್ಲಿ ಕೂತು ಒಟ್ಟಿಗೆ ಆಡುವ ಆಟ ಅದು. ಅದಕ್ಕೆ ವರ್ಷವಿಡೀ ಹೊಸ ಊರು, ಹೊಸ ಕಾಡು, ಹೊಸ ಟೋಪಿ ತಯಾರಾಗುತ್ತಲೇ ಇರುತ್ತವೆ. ಅವುಗಳಲ್ಲಿ ಯಾವುದನ್ನು ಪುಕ್ಕಟೆ ಬಿಡಬೇಕು, ಯಾವುದನ್ನು 'ಎಕ್ಸ್‌ಪ್ಯಾನ್ಶನ್' ಎಂದು ದೊಡ್ಡ ಗಂಟು ಕಟ್ಟಬೇಕು, ಯಾವುದನ್ನು 'ಡಿಎಲ್‌ಸಿ' ಎಂದು ಚಿಲ್ಲರೆಯಾಗಿ ಮಾರಬೇಕು ಎಂಬುದಕ್ಕೆ ಗೆರೆ ಎಳೆಯುವವನು ಕತ್ತರಿ. ಹೊಸದಾಗಿ ಸೇರಿದವರಿಗೆ ಅವನು ಪಾಠವನ್ನೂ ಹೇಳುತ್ತಿದ್ದ.

"ಮನೆ ಮೇಲೆ ಮಹಡಿ ಕಟ್ಟಿ ಮಾರಿದ್ರೆ ಎಕ್ಸ್‌ಪ್ಯಾನ್ಶನ್. ಇರೋ ಬಾಗಿಲಿಗೆ ಬಣ್ಣದ ಚಿಲಕ ಮಾರಿದ್ರೆ ಡಿಎಲ್‌ಸಿ. ಮಹಡಿ ದುಬಾರಿ, ಆದ್ರೆ ಜನ ಒಂದೇ ಸಲ ಬೈತಾರೆ. ಚಿಲಕ ಅಗ್ಗ, ಆದ್ರೆ ದಿನಾ ಬೈತಾರೆ."

"ಮೆಟ್ಟಿಲು ಸಾರ್?"

"ಮೆಟ್ಟಿಲನ್ನ ಯಾವತ್ತೂ ಅಗ್ಗಕ್ಕೆ ಬಿಡಬಾರದು ಕಣಯ್ಯ. ಆಮೇಲೆ ಮಹಡಿ ಯಾರು ಕೊಳ್ತಾರೆ?"

ಸೇರಿದ ದಿನವೇ ಹನ್ನೊಂದು ಪುಟದ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಇಲ್ಲಿನ ವಿಷಯ ಮನೆಯಲ್ಲಿ ಬಾಯಿಬಿಟ್ಟರೆ ಕೆಲಸ ಹೋಯಿತೆಂದೇ ಅರ್ಥ. ಹಾಗಾಗಿ ಮನೆಯವರ ಪಾಲಿಗೆ ಅವನು ಇಂದಿಗೂ 'ಪ್ಯಾಕಿಂಗ್ ಕೆಲಸ'ದಲ್ಲಿದ್ದ. ಅದು ಸುಳ್ಳೂ ಅಲ್ಲ.

ಆ ಮನೆಯ ಹಾಲಿನಲ್ಲಿ, ಸೋಫಾವನ್ನು ಗೋಡೆಗೆ ಒತ್ತರಿಸಿಕೊಂಡು ಒಂದು ಕಂಪ್ಯೂಟರು. ಅದರ ಮುಂದೆ ಅವನ ಅತ್ತೆ, ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದ ಟೀಚರು. ಆಡುವುದು ಅಳಿಯ ಕತ್ತರಿಸುವ ಅದೇ ಆಟವನ್ನು. ಆಟದಲ್ಲಿ ಅತ್ತೆ ಬೆಂಕಿಯ ಕತ್ತಿ ಹಿಡಿದ ಏಳಡಿ ಎತ್ತರದ ಯೋಧ. ಆ ಯೋಧ ಇಲ್ಲಿಯವರೆಗೆ ಒಂದು ಇಲಿಯನ್ನೂ ಕೊಂದವನಲ್ಲ. ಸಂಜೆ ಆರಾದರೆ ನದೀತೀರಕ್ಕೆ ಹೋಗಿ, ಅಪಸ್ವರದಲ್ಲಿ ಹಾಡುವ ಮುದಿ ದೋಣಿಯವನ ದೋಣಿ ಹತ್ತಿ, ನಡುಗಡ್ಡೆಗೆ ಹೋಗುವುದೇ ಅವನ ಪರಾಕ್ರಮ. ಆಚೆ ದಡದಿಂದ ಇನ್ನೊಂದು ದೋಣಿಯಲ್ಲಿ ಒಕ್ಕಣ್ಣಿಗೆ ಪಟ್ಟಿ ಕಟ್ಟಿದ ಕಡಲುಗಳ್ಳಿ ಬರುತ್ತಾಳೆ. ಅವಳು ಅತ್ತೆಯ ತಂಗಿ. ಇವನಿಗೆ ಚಿಕ್ಕತ್ತೆ. ಬೇರೆ ಊರಿನಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಮಂಡಿನೋವಿನಿಂದ ಇಳಿಯಲಾರದೆ ಕೂತವರು. ಯೋಧನೂ ಕಡಲುಗಳ್ಳಿಯೂ ಮರದಡಿಯ ಕಲ್ಲುಬೆಂಚಿನ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ತಾಸು ಹರಟುತ್ತಾರೆ.

ಫೋನಿನಲ್ಲಿ ಮಾತಾಡಬಾರದೇ ಎಂದು ಕೇಳಬೇಡಿ. ಫೋನೆತ್ತಿದರೆ ಮೂರನೇ ನಿಮಿಷಕ್ಕೆ ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕಿತ್ತು ಎಂಬ ಹಳೆಯ ವ್ಯಾಜ್ಯ ತೆರೆದುಕೊಳ್ಳುತ್ತಿತ್ತು. ಎದುರಿಗೆ ನದಿಯಿದ್ದರೆ ಮಾತ್ರ ಆ ಯಂತ್ರ ನೆನಪಿಗೆ ಬರುತ್ತಿರಲಿಲ್ಲ.

ಆಟ ಬಾರದ ಕತ್ತರಿ ವರ್ಷಗಳಿಂದ ಒಂದು ಸುಲಭದ ದಾರಿ ಹಿಡಿದಿದ್ದ. ಊಟದ ಹೊತ್ತಿನಲ್ಲಿ ಅತ್ತೆ ಅಂದದ್ದನ್ನೆಲ್ಲ ಮರುದಿನ 'ಆಟಗಾರರ ಅಭಿಪ್ರಾಯ' ಎಂದು ಟೈಪು ಮಾಡಿ ಮೇಲೆ ಕಳಿಸುವುದು. ಒಮ್ಮೆ ಅತ್ತೆ, "ಆ ದೋಣಿಯವನೊಬ್ಬ ಇದ್ದಾನೆ ಅಂತ ಆಡ್ತೀನಿ, ಉಳಿದಿದ್ದೆಲ್ಲ ಕಸ" ಅಂದರು. ದೋಣಿಯವನನ್ನು ಯಾರೂ ಮುಟ್ಟದಿರಲಿ ಎಂದು ಇವನು ಅದನ್ನು ದಪ್ಪಕ್ಷರದಲ್ಲಿ ಬರೆದ.

"ಭೇಷ್ ಕತ್ತರಿ!" ಎಂದರು ಮ್ಯಾನೇಜರಮ್ಮ. "ಹಾಗಾದ್ರೆ ದೋಣಿಯವನು ಎಕ್ಸ್‌ಪ್ಯಾನ್ಶನ್ ಒಳಗೆ ಹೋಗ್ಲಿ."

"ಅವನು ಈಗ ಆಟದ ಜೊತೇಲೇ ಪುಕ್ಕಟೆ ಇದಾನಲ್ಲ ಮೇಡಂ?"

"ಹಳೇ ದೋಣಿ ಮುಳುಗಿಸೋಣ. ಹೊಸದು ಹಾಯಿದೋಣಿ."

"ಕೊನೇಪಕ್ಷ ದೋಣಿ ಒಂದನ್ನೇ ಡಿಎಲ್‌ಸಿ ಮಾಡಿ, ಅಗ್ಗಕ್ಕೆ..."

"ಮೆಟ್ಟಿಲನ್ನ ಅಗ್ಗಕ್ಕೆ ಬಿಡಬಾರದು ಅಂತ ಹೇಳಿಕೊಟ್ಟೋನು ನೀನೇ ಅಲ್ವಾ?"

ಕತ್ತರಿ ಅಡಕತ್ತರಿಗೆ ಸಿಕ್ಕಿದ. ಕಂಬಕ್ಕೂ ನೀರಿನ ಯಂತ್ರಕ್ಕೂ ನಡುವೆ ಕೂತು, ತನ್ನ ಕೈಯಾರೆ ಗೆರೆ ಎಳೆದ.

ಸುದ್ದಿ ಹೊರಬಿದ್ದ ದಿನ ಅತ್ತೆ ತಟ್ಟೆಯ ಮುಂದೆ ಕೂತವರು ತುತ್ತೆತ್ತಲಿಲ್ಲ. "ಒಂದ್ಸಲ ಕಾಸು ಕೊಟ್ಟು ಕೊಂಡಿದ್ದನ್ನೇ ಎರಡನೇ ಸಲ ಕೊಳ್ಳೋದು ಯಾವ ಗಣಿತ? ನಾನು ಕೊಳ್ಳಲ್ಲ. ಹೀಗೆ ತುಂಡು ಮಾಡಿ ಮಾರೋನಿಗೆ ಇದೆಯಲ್ಲ, ಹಾಸಿಗೆ ಇವತ್ತು, ದಿಂಬು ನಾಳೆ, ನಿದ್ದೆ ಮುಂದಿನ ತಿಂಗಳು ಅನ್ನೋ ಅಂಥ ಹೆಂಡ್ತಿ ಸಿಗಲಿ!"

ಹೆಂಡತಿ ಕಿಸಕ್ಕನೆ ನಕ್ಕಳು. "ಪಾಪ, ಯಾರು ಹೆತ್ತ ಮಗಳೋ!"

ಕತ್ತರಿಗೆ ನೆತ್ತಿ ಹತ್ತಿತು.

"ನಿಧಾನ ಅಳಿಯಂದ್ರೇ" ಎಂದು ಅತ್ತೆಯೇ ನೀರಿನ ಲೋಟ ಸರಿಸಿದರು.

ಹಳೆಯ ದೋಣಿ ಮುಳುಗಿತು. ಅಕ್ಕತಂಗಿಯರು ಫೋನು ಹಿಡಿದರು. ಮೊದಲ ದಿನ ಮೂರನೇ ನಿಮಿಷಕ್ಕೆ ಹೊಲಿಗೆ ಯಂತ್ರ ಬಂತು, ಎರಡನೇ ದಿನ ಒಂದೇ ನಿಮಿಷಕ್ಕೆ. ನಾಲ್ಕನೇ ದಿನ ಫೋನೇ ಬರಲಿಲ್ಲ. ಆದರೂ ಸಂಜೆ ಆರಕ್ಕೆ ಅತ್ತೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಏಳಡಿಯ ಯೋಧ ಈಚೆ ದಡದಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಹೆಡ್‌ಫೋನ್ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಒಂದು ವಾರ ಅದನ್ನು ನೋಡಿ ಕತ್ತರಿಗೆ ಅನ್ನ ಮೈಗೆ ಹತ್ತುವುದು ನಿಂತಿತು.

ಕಂಪನಿಯವರು ನೌಕರರಿಗೆ ಎರಡೆರಡು ಎಕ್ಸ್‌ಪ್ಯಾನ್ಶನ್ ಬಿಟ್ಟಿ ಕೊಡುತ್ತಿದ್ದರು. ಕತ್ತರಿ ಆ ಎರಡರ ಗುಪ್ತಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದ. "ಸೋಪಿನ ಅಂಗಡೀಲಿ ಲಾಟರಿ ಹೊಡೀತು ಅತ್ತೆ. ನಿಮಗೊಂದು, ಚಿಕ್ಕತ್ತೆಗೊಂದು."

"ಸೋಪಿನ ಅಂಗಡೀಲಾ?" ಎಂದರು ಅತ್ತೆ. ಆದರೆ ಅವರ ಬೆರಳುಗಳು ಆಗಲೇ ಅಂಕಿ ಒತ್ತುತ್ತಿದ್ದವು.

ಮರುದಿನ ಸಂಜೆ ಆರಕ್ಕೆ ಹಾಯಿ ಬಿಚ್ಚಿತು. ದೋಣಿಯವನು ಅದೇ ಅಪಸ್ವರದಲ್ಲಿ ಹಾಡಿದ. ಕತ್ತರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೆರೆ ಎಳೆದ ದಿನದಿಂದ ಬಿಡದಿದ್ದ ಉಸಿರು ಬಿಟ್ಟ. ಅಷ್ಟರಲ್ಲಿ ಯೋಧನ ತಲೆಯ ಮೇಲೆ ಬಂಗಾರದ ಅಕ್ಷರಗಳು ಮಿನುಗಿದವು: 'ತಯಾರಕರ ಕುಟುಂಬ'. ನೌಕರರಿಗೆ ಕೊಡುವ ಬಿಟ್ಟಿ ಪ್ರತಿಯ ಜೊತೆಗೆ ಆ ಬಿರುದೂ ಅಂಟಿಕೊಂಡು ಬರಲಿ ಎಂದು ಎರಡು ವರ್ಷದ ಹಿಂದೆ ಸೂಚಿಸಿದವನು ಅವನೇ. ಬಿರುದನ್ನು ಮರೆಮಾಡುವ ಮುಸುಕನ್ನು ಡಿಎಲ್‌ಸಿಯಾಗಿ ಬೇರೆಯೇ ಮಾರೋಣ ಎಂದವನೂ ಅವನೇ.

ನಡುಗಡ್ಡೆಯಲ್ಲಿ ಇಳಿದದ್ದೇ ತಡ, ಹತ್ತಾರು ಆಟಗಾರರು ಯೋಧನನ್ನು ಮುತ್ತಿಕೊಂಡರು. "ಏನ್ರೀ, ದೋಣಿ ಮುಳುಗಿಸಿದ ಮನೆಯವರಾ ನೀವು?" "ಮುಂದೆ ಗಾಳಿಗೂ ರೇಟು ಕಟ್ತೀರಾ?"

"ಅಳಿಯಂದ್ರೇ, ಸ್ವಲ್ಪ ಬನ್ನಿ ಇಲ್ಲಿ." ಅತ್ತೆಯ ದನಿ ಏರಲಿಲ್ಲ. ಕೊನೆಯ ಬೆಂಚಿನವನನ್ನು ಬೋರ್ಡಿಗೆ ಕರೆಯುವ ದನಿ. "ಈ ಮನೇಲಿ ಮೂರು ಜನ. ಈ ಆಟ ನಾನು ತಯಾರಿಸಿಲ್ಲ. ನನ್ನ ಮಗಳಿಗೆ ಕಂಪ್ಯೂಟರ್ ಆರಿಸೋಕೂ ಬರಲ್ಲ. ಮೂರರಲ್ಲಿ ಎರಡು ಕಳೆದ್ರೆ?"

"ನಾನು ಏನೂ ಹೇಳೋ ಹಾಗಿಲ್ಲ ಅತ್ತೆ. ಹನ್ನೊಂದು ಪುಟಕ್ಕೆ ಸಹಿ ಹಾಕಿದೀನಿ."

"ಹೇಳಬೇಡಿ. ಕೂತ್ಕೊಳ್ಳಿ."

ಅವನು ಉಸಿರು ಬಿಗಿಹಿಡಿದು, ಏಡಿಯ ಹಾಗೆ ಸರಿದು, ಸೋಫಾಕ್ಕೂ ಕಂಪ್ಯೂಟರಿನ ಮೇಜಿಗೂ ನಡುವಿನ ಸಂದಿಯಲ್ಲಿ ತೂರಿ ಕೂತ. ಅತ್ತೆ ಇನ್ನೊಂದು ಹೆಡ್‌ಫೋನನ್ನು ಅವನ ಕಿವಿಗೆ ಸಿಕ್ಕಿಸಿದರು.

"ದಿನಾ ಆರರಿಂದ ಏಳು. ಇವರ ಬೈಗುಳ ನೀವು ಕೇಳಿಸಿಕೊಳ್ಳಿ, ನಾನು ನನ್ನ ತಂಗಿ ಜೊತೆ ಮಾತಾಡ್ತೀನಿ. ಮತ್ತೆ, ಹಾಸಿಗೆ ದಿಂಬಿನ ಶಾಪ ವಾಪಸ್ ತಗೊಳ್ಳಲ್ಲ. ಮಗಳಿಗೆ ನಾನೇ ಹೇಳಿಕೊಡ್ತೀನಿ."

ಅಷ್ಟು ಹೊತ್ತಿಗೆ ಆಚೆ ದಡದ ಹಾಯಿದೋಣಿ ಬಂದು ತಾಕಿತು. ತಲೆಯ ಮೇಲೆ ಅದೇ ಬಂಗಾರದ ಬಿರುದು ಹೊತ್ತು ಕಡಲುಗಳ್ಳಿ ಇಳಿದಳು. "ಅಕ್ಕಾ!" ಎಂದ ಚಿಕ್ಕತ್ತೆಯ ದನಿಗೆ ಅತ್ತೆಯ ಕನ್ನಡಕ ಮಂಜಾಯಿತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಹೊಲಿಗೆ ಯಂತ್ರದ ಮಾತೇ ಬರಲಿಲ್ಲ.

ನಡೆದದ್ದನ್ನೆಲ್ಲ ಅಕ್ಕನ ಬಾಯಿಂದ ಕೇಳಿ ಚಿಕ್ಕತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಕೇಳಿದರು, "ಅಳಿಯಂದ್ರೇ, ಹೋಗೋದಕ್ಕಂತೂ ಕೊಟ್ರಿ. ವಾಪಸ್ ಬರೋ ದೋಣೀನೂ ಇದರಲ್ಲೇ ಸೇರಿದೆ ತಾನೇ?"

ವಾಪಸ್ ದೋಣಿಗೆ ಬೇರೆ ರೇಟು ಕಟ್ಟುವುದು ಮುಂದಿನ ಸೋಮವಾರದ ಮೀಟಿಂಗಿನ ಪಟ್ಟಿಯಲ್ಲಿ ನಾಲ್ಕನೆಯ ವಿಷಯವಾಗಿತ್ತು. ಕತ್ತರಿ ಬೈಗುಳಗಳನ್ನು ಮನಸ್ಸಿಟ್ಟು ಕೇಳತೊಡಗಿದ.

ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನತ್ತ ತಿರುಗಿದರು.