ತಾರಸಿಯ ಮೇಲಿನ ಮೇಡಂ

ಮೊನ್ನೆ ವಿಜಯನಗರದ ರಿಪೇರಿ ಅಂಗಡಿಯೊಂದರ ಮುಂದೆ ಕೆಟ್ಟ ಮಿಕ್ಸಿ ಹಿಡಿದು ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ಸೀಸ, ಸುಟ್ಟ ರಾಳ... ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಚಂದ್ರಾ ಲೇಔಟಿನ ಒಂದು ಮಹಡಿ ಮನೆ ಕಣ್ಣ ಮುಂದೆ ಬಂತು. ಅಲ್ಲಿ ಅಡುಗೆ ಕಟ್ಟೆಯ ಮೇಲೆ, ರೊಟ್ಟಿ ಹಂಚಿನ ಪಕ್ಕದಲ್ಲೇ, ಬೆಸುಗೆಯ ಕಡ್ಡಿಯೂ ಕಾಯುತ್ತಿರುತ್ತಿತ್ತು.

ಅದು ನಮ್ಮ ಮೇಡಂ ಮನೆ. ಎರಡು ಸಾವಿರದ ದಶಕದ ನಡುವಿನ ಮಾತು. ಕೆಂಗೇರಿಯಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನಮಗೆ ವೈರ್‌ಲೆಸ್ ಪಾಠ ಮಾಡುತ್ತಿದ್ದರು. ಹಾವೇರಿ ಕಡೆಯವರು. ಹಣೆಯಲ್ಲಿ ತೆಳುವಾಗಿ ವಿಭೂತಿ, ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಕಪ್ಪು ಛತ್ರಿ. ಪಾಠದ ನಡುವೆ ಇಂಗ್ಲಿಷ್ ಸಾಕೆನಿಸಿದರೆ ನೇರ ಹಾವೇರಿಗೆ ಹೊರಟುಬಿಡುತ್ತಿದ್ದರು. "ತಿಳೀಲಿಲ್ಲಂದ್ರ ಇನ್ನೊಮ್ಮಿ ಹೇಳ್ತೀನಿ. ಸುಮ್ಮಸುಮ್ಮನ ಗೋಣು ಅಲ್ಲಾಡಿಸಬ್ಯಾಡ್ರಿ!"

ಅವರ ಪಿಎಚ್‌ಡಿಯ ವಿಷಯವನ್ನೇ ನಾವು ಮೂವರು ಗೆಳತಿಯರು ಕೊನೆಯ ವರ್ಷದ ಪ್ರಾಜೆಕ್ಟಾಗಿ ತೆಗೆದುಕೊಂಡಿದ್ದೆವು. ಒಂದು ಸಣ್ಣ ರೇಡಿಯೊ ಒಂಟಿಯಾಗಿ ದೂರ ಮುಟ್ಟಲಾರದು. ಅಂಥ ಮೂರು ರೇಡಿಯೊಗಳು ಬೇರೆ ಬೇರೆ ಮನೆಗಳ ಮೇಲೆ ಕೂತು ಒಂದೇ ಸಂಕೇತವನ್ನು ಒಟ್ಟಿಗೆ ಕಳಿಸಿದರೆ ಅಲೆಗೆ ಅಲೆ ಕೂಡಿ ದೂರಕ್ಕೂ ಜೋರಾಗಿ ಕೇಳಬೇಕು. ಕಷ್ಟವೆಲ್ಲ 'ಒಟ್ಟಿಗೆ' ಎಂಬುದರಲ್ಲಿತ್ತು. ಪ್ರತಿ ರೇಡಿಯೊದ ತಾಳ ಹಿಡಿಯುವುದು ಅದರೊಳಗಿನ ಒಂದು ಪುಟ್ಟ ಹರಳು. ಯಾವ ಎರಡು ಹರಳುಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಫ್ರೀಕ್ವೆನ್ಸಿ ಕೂದಲೆಳೆಯಷ್ಟು ಬೇರೆಯಾದರೂ ಅಲೆಗಳು ಈ ಕ್ಷಣ ಕೂಡುತ್ತವೆ, ಮರುಕ್ಷಣ ಒಂದನ್ನೊಂದು ಅಳಿಸಿಹಾಕುತ್ತವೆ.

ಮೇಡಂಗೆ ಗೈಡ್ ಆಗಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಪ್ರೊಫೆಸರ್. "ಕಂಪ್ಯೂಟರ್‌ನಲ್ಲೇ ಲೆಕ್ಕ ತೋರಿಸಿ ಮುಗಿಸಮ್ಮ, ನಿಜವಾದ ರೇಡಿಯೊಗಳಲ್ಲಿ ಇದು ಆಗಲ್ಲ" ಎಂದಿದ್ದರು. ಪಿಎಚ್‌ಡಿಯ ಅವಧಿ ಆ ಟರ್ಮಿಗೇ ಮುಗಿಯುತ್ತಿತ್ತು. ಅದು ಕೈತಪ್ಪಿದರೆ ಕೆಲಸ ಕಾಯಂ ಆಗುವ ಆಸೆಯೂ ಇರಲಿಲ್ಲ. ಆದರೂ ಮೇಡಂ ಹಟ ಬಿಡಲಿಲ್ಲ. "ಕಾಗದದ ಮ್ಯಾಲೆ ಎಲ್ಲಾನೂ ಕೂಡ್ತಾವ್ರಿ ಸರ್" ಎಂದು ನಕ್ಕು ಬಂದರಂತೆ.

ಮೇಡಂ ಮನೆಯ ತಾರಸಿಯ ಮೇಲೊಂದು, ಅದೇ ರಸ್ತೆಯ ಇನ್ನೆರಡು ಮನೆಗಳ ಮೇಲೆ ಒಂದೊಂದು ರೇಡಿಯೊ ಇಟ್ಟೆವು. ಆ ಎರಡಕ್ಕೆ ನನ್ನ ಇಬ್ಬರು ಗೆಳತಿಯರ ಕಾವಲು. ದೀಪಾಂಜಲಿ ನಗರದ ನಮ್ಮ ಮನೆಯ ತಾರಸಿಯಲ್ಲಿ ಕೇಳುವ ಯಂತ್ರ, ಅದಕ್ಕೊಂದು ಸ್ಪೀಕರ್, ಒಂದು ಗುಂಡಿ. ಮೇಡಂ ಮನೆಯ ರೇಡಿಯೊ ಮುಂದಾಳು. ಉಳಿದೆರಡು ಅದನ್ನು ಆಲಿಸಿ ತಮ್ಮ ಫ್ರೀಕ್ವೆನ್ಸಿ ಹೊಂದಿಸಿಕೊಳ್ಳಬೇಕು. ಆಮೇಲೆ ಮೂರೂ ತಮ್ಮ ಅಲೆಯನ್ನು ತುಸು ಹಿಂದೆ, ತುಸು ಮುಂದೆ ಸರಿಸಿ ನೋಡುತ್ತವೆ. ಸರಿಯಾಯಿತೋ ಇಲ್ಲವೋ ಎಂದು ಅವಕ್ಕೆ ತಿಳಿಸುವುದು ನನ್ನ ಪಾಲಿನ ಕೆಲಸ.

"ಸದ್ದು ಜೋರಾತಂದ್ರ ಗುಂಡಿ ಒತ್ತು, ಇಲ್ಲಂದ್ರ ಸುಮ್ಮನಿರು. ಮತ್ತೇನೂ ಶಾಣ್ಯಾತನ ಮಾಡಬ್ಯಾಡ" ಎಂದು ಮೇಡಂ ತಾಕೀತು ಮಾಡಿದ್ದರು.

ವಾರಗಟ್ಟಲೆ ಸ್ಪೀಕರ್ ಬರೀ ನರಳಿತು. ಊಂ... ಎಂದು ಏರುವುದು, ಕುಸಿಯುವುದು, ಮತ್ತೆ ಏರುವುದು. ಮೊಬೈಲನ್ನು ಅದರ ಬಾಯಿಗೆ ಹಿಡಿದರೆ ಮೇಡಂ ಆ ಕಡೆಯಿಂದಲೇ ಕೇಳಿ, "ಇನ್ನೂ ಜಗಳಾಡಾಕತ್ತಾವು" ಎನ್ನುತ್ತಿದ್ದರು. ಬೇಸರವಾಗಲಿ ಸಿಟ್ಟಾಗಲಿ ಇಲ್ಲ... ಮನೆಯ ಮಕ್ಕಳ ವಿಷಯ ಮಾತಾಡಿದ ಹಾಗೆ.

ಪ್ರೊಫೆಸರ್ ನಮ್ಮ ತಾರಸಿಗೆ ಬಂದ ದಿನ ಬೇಸಿಗೆಯ ಸುಡುಬಿಸಿಲು. ಅಮ್ಮ ಮಜ್ಜಿಗೆ ಕೊಟ್ಟು ಕೆಳಗಿಳಿದಳು. ಹಿಂದಿನ ದಿನವಷ್ಟೇ ಹದಕ್ಕೆ ಬಂದಿದ್ದ ಸದ್ದು ಆವತ್ತು ಏರಿ ಏರಿ ಮುರಿದುಬೀಳುತ್ತಿತ್ತು. ಅವರು ಮೆಲ್ಲಗೆ, "ಬಿಡಮ್ಮ, ಪ್ರಯತ್ನಪಟ್ರಲ್ಲ, ಅದೇ ದೊಡ್ಡದು" ಎಂದರು. ಫೋನಿನಲ್ಲಿದ್ದ ಮೇಡಂಗೆ ಅದು ಕೇಳಿಸಿತ್ತು.

"ಒಂದೊಂದ ಬಂದ್ ಮಾಡಿಸ್ತೀನಿ. ಯಾವುದು ಬಂದಾದಾಗ ಜಗಳ ನಿಲ್ತದ ಹೇಳು."

ಎರಡನೆಯ ಮನೆಯದನ್ನು ಆರಿಸಿದಾಗ ನಿಂತಿತು. ಅಲ್ಲಿದ್ದ ಗೆಳತಿ ಡಬ್ಬಿ ಮುಟ್ಟಿ ನೋಡಿ, "ಅಯ್ಯೋ ಮೇಡಂ, ಕೈ ಇಡಕ್ಕಾಗ್ತಿಲ್ಲ, ಸುಡ್ತಾ ಇದೆ!" ಎಂದು ಆ ಮನೆಯಿಂದಲೇ ಕೂಗಿಕೊಂಡಳಂತೆ. ಬಿಸಿಲಿಗೆ ಕಾದ ಹರಳು ತಾಳ ತಪ್ಪಿತ್ತು. ಫೋನ್ ಕಟ್ಟಾಯಿತು.

ಪ್ರೊಫೆಸರ್ ಹೊರಡಲು ಎದ್ದರು. "ಒಂದ್ನಿಮಿಷ ಸಾರ್, ಪ್ಲೀಸ್" ಎಂದೆ. ನನ್ನ ಮುಖ ನೋಡಿ ಮತ್ತೆ ಕೂತರು. ಬಹಳ ಹೊತ್ತು ಏನೂ ಬದಲಾಗಲಿಲ್ಲ. ಆಮೇಲೆ ಆ ನರಳಿಕೆ ಮತ್ತೆ ಶುರುವಾಯಿತು. ಆದರೆ ಈ ಸಲ ನಿಧಾನವಾಗುತ್ತ ಹೋಯಿತು... ಇನ್ನೂ ನಿಧಾನ... ಒಂದು ಗಳಿಗೆಯಲ್ಲಿ ಅಲುಗದೆ ನಿಂತಿತು. ನಾನು ಗುಂಡಿ ಒತ್ತಿದೆ. ಏರಿತು. ಮತ್ತೆ ಒತ್ತಿದೆ. ಮತ್ತೂ ಏರಿತು. ಕೊನೆಗೆ ತಾರಸಿ ತುಂಬ ಒಂದೇ ಸ್ವರ ಮೊಳಗಿ, "ಏನೇ ಅದು?" ಎಂದು ಅಮ್ಮ ಮೆಟ್ಟಿಲೇರಿ ಓಡಿಬಂದಳು.

ನಾನು ಮತ್ತೆ ಮೇಡಂಗೆ ಫೋನ್ ಮಾಡಿದೆ. ಪ್ರೊಫೆಸರ್ ಅದನ್ನು ಇಸಕೊಂಡು ಸ್ಪೀಕರಿಗೆ ಹಿಡಿದರು. ಆಮೇಲೆ ಕಿವಿಗಿಟ್ಟುಕೊಂಡು, "ಕೇಳಿಸ್ತೇನಮ್ಮ? ಆಗಲ್ಲ ಅಂದಿದ್ದೆ. ನನ್ನದೇ ತಪ್ಪು" ಎಂದರು.

ಆ ಕಡೆ ಬರೀ ಏದುಸಿರು. ನಂತರ ಮೇಡಂ ದನಿ: "ಸರ್, ಈಗ ಛತ್ರಿ ಇಳಸಲೇನ್ರಿ? ಕೈ ಸೋತಾವು."

ಮೇಡಂ ಬರಿಗಾಲಲ್ಲಿ ಆ ಎರಡನೆಯ ಮನೆಗೆ ಓಡಿ, ಡಬ್ಬಿಗೆ ಛತ್ರಿ ಹಿಡಿದು, ಸೆರಗಿನಿಂದ ಗಾಳಿ ಹಾಕುತ್ತ ನಿಂತುಬಿಟ್ಟಿದ್ದರಂತೆ. ಕಾದ ತಾರಸಿಗೆ ಅವರ ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು.

ಪಿಎಚ್‌ಡಿ ಬಂತು, ಹುಬ್ಬಳ್ಳಿ ಕಡೆ ಕಾಯಂ ಕೆಲಸವೂ ಸಿಕ್ಕಿತು. ಕೆಲವು ವರ್ಷ ಯುಗಾದಿಗೆ ಫೋನ್ ಮಾಡುತ್ತಿದ್ದರು. ಆಮೇಲೆ ನಂಬರು ಬದಲಾಯಿತು, ನನ್ನ ಸಂಸಾರ ಬೆಳೆಯಿತು...

ಮೊನ್ನೆ ಅಂಗಡಿಯಿಂದ ಬಂದವಳೇ ಹಳೆಯ ಗೆಳತಿಯಿಂದ ನಂಬರು ಪಡೆದು ಫೋನ್ ಮಾಡಿದೆ. ಎತ್ತಿದ್ದು ಮೇಡಂ ತಂಗಿ. "ಅಕ್ಕ ಹೋದ ಮಳಿಗಾಲದಾಗ ತೀರಿಕೊಂಡ್ಳ್ರಿ" ಎಂದರು. ನಾನು ಯಾರೆಂದು ಹೇಳಿದೆ. ಅವರು ಕೇಳಿದರು: "ಅಕ್ಕ ಏನ್ ಕಂಡುಹಿಡಿದಿದ್ಲ್ರಿ? ನಮ್ಮನ್ಯಾಗ ಯಾರಿಗೂ ತಿಳಿದಿಲ್ಲ."

ರೇಡಿಯೊಗಳು, ಹರಳು, ಬಿಸಿಲು, ಛತ್ರಿ... ಎಲ್ಲ ಹೇಳಿದೆ. "ಇಷ್ಟು ಚಂದ ಇತ್ತೇನ್ರಿ? ಆಕೀನ್ನ ಒಂದಿನಾನೂ ಕೇಳಲಿಲ್ಲ ನಾವು" ಎಂದವರು, "ತಡೀರಿ, ಅವ್ವಗ ಕೊಡ್ತೀನಿ, ಇನ್ನೊಮ್ಮಿ ಹೇಳ್ರಿ" ಎಂದರು.

ಫೋನು ಕೈ ಬದಲಾಯಿಸಿತು. ಮುದಿ ದನಿಯೊಂದು "ಹೇಳವಾ" ಎಂದಿತು. ನಾನು ಮೊದಲಿನಿಂದ ಶುರುಮಾಡಿದೆ. ಅರ್ಧಕ್ಕೆ ಬಂದು ನಿಲ್ಲಿಸಿಬಿಟ್ಟೆ. ಮೇಡಂ ಇನ್ನಿಲ್ಲ ಎಂಬುದು ನನಗೆ ನಿಜವಾಗಿ ತಿಳಿದದ್ದು ಆಗ. ಅವ್ವ ಕಾಯುತ್ತಿದ್ದರು. ಕಣ್ಣೊರೆಸಿಕೊಂಡು ಮುಂದುವರಿಸಿದೆ.