ಎರಡೂ ಒಂದೇ ಲಾಟ್

ಬನಶಂಕರಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಮೂವತ್ತು ವರ್ಷ ಮೇಲಿನ ಶೆಲ್ಫಿನಿಂದ ಸೀರೆ ಕಟ್ಟು ಇಳಿಸಿದ ಬಲಗೈ ಒಂದು ಬೆಳಿಗ್ಗೆ ಮೇಲೇಳಲೇ ಇಲ್ಲ. ಆಪರೇಷನ್ ಅಂದರೆ ಮೂರು ತಿಂಗಳು ಅಂಗಡಿ ಬಾಗಿಲು ಹಾಕಬೇಕು. ಅಷ್ಟರಲ್ಲಿ ಗಿರಾಕಿಗಳು ಎದುರಿನ ಅಂಗಡಿಯವನನ್ನು ಅಣ್ಣಾ ಅನ್ನೋಕೆ ಶುರುಮಾಡಿರ್ತಾರೆ. ಆಪರೇಷನ್ ಬೇಕೋ ಬೇಡವೋ ತಿಳಿಯಲು ಮೂಳೆ ಡಾಕ್ಟರು ಜಯನಗರಕ್ಕೆ ಸ್ಕ್ಯಾನಿಂಗಿಗೆ ಕಳಿಸಿದರು.

ಎರಡು ಗಂಟೆ ಕಾಯಿಸಿದ ಮೇಲೆ ಅಲ್ಲಿನ ಡಾಕ್ಟರಮ್ಮ ಭುಜಕ್ಕೆ ತಣ್ಣನೆಯ ಜೆಲ್ ಬಳಿದು ಯಂತ್ರದ ಹಿಡಿ ಆಡಿಸಿದರು. ಪರದೆಯಲ್ಲಿ ಎಳೆ ಎಳೆಯಾಗಿ ಏನೋ ಕಂಡಿತು, ಬೆಳಕಿಗೆ ಹಿಡಿದ ಬಟ್ಟೆಯ ಹಾಗೆ.

“ಮೂಳೆಗೆ ಕಟ್ಟಿಕೊಂಡಿರೋ ಟೆಂಡನ್ ಇದು, ಅಂಕಲ್. ಪೂರ್ತಿ ಹರಿದಿಲ್ಲ, ಎಳೆ ಬಿಟ್ಟಿದೆ.”

“ಬಿಡಿ ಮೇಡಂ, ನೆರಿಗೆಯೊಳಗೆ ಮುಚ್ಚಿಹೋಗುತ್ತೆ,” ಅಂದೆ. ಗಿರಾಕಿಗಳಿಗೆ ಹೇಳಿ ಹೇಳಿ ರೂಢಿ.

ಅವರು ನಗಲಿಲ್ಲ. “ಹೋಲಿಸಿ ನೋಡ್ಬೇಕು, ಚೆನ್ನಾಗಿರೋ ಭುಜ ಕೊಡಿ.” ಎಡಭುಜ ಕೊಟ್ಟೆ. ಸ್ವಲ್ಪ ಹೊತ್ತು ನೋಡಿ, “ಇದರಲ್ಲೂ ಬಿಟ್ಟಿದೆಯಲ್ಲ! ನೋಯಲ್ವಾ?” ಅಂದರು.

“ಇಲ್ಲ. ಎರಡೂ ಒಂದೇ ಲಾಟ್ ಅಲ್ವಾ ಮೇಡಂ.”

ಆಗ ನಕ್ಕರು. “ಆಪರೇಷನ್ ಬೇಕಾಗಲಿಕ್ಕಿಲ್ಲ. ನಿಮ್ಮ ಡಾಕ್ಟರ್‌ನ ಕೇಳಿ. ಆದ್ರೆ ಎರಡು ಕೈಯಲ್ಲೂ ಮೇಲಿಂದ ಭಾರ ಇಳಿಸ್ಬೇಡಿ.”

ಒಂದು ಸೀರೆ ಕೇಳಿ ಬಂದವರಿಗೆ ಎರಡು ಕಟ್ಟಿ ಕಳಿಸುವವನು ನಾನು. ಅವತ್ತು ಒಂದು ಭುಜ ತೋರಿಸಲು ಹೋಗಿ ಎರಡು ಕಟ್ಟಿಸಿಕೊಂಡು ಬಂದೆ. ಅಲ್ಲಿಯವರೆಗೆ ಸುಮ್ಮನಿದ್ದ ಎಡಭುಜ, ಆಟೋ ಹತ್ತುವಷ್ಟರಲ್ಲಿ ನೋಯತೊಡಗಿತ್ತು.